ಗೆರೆ ಬಂತು, ಬಾಣ ಬರಲಿಲ್ಲ: ಬ್ರೇನ್ ನೆಟ್‌ವರ್ಕ್ ಚಿತ್ರದಲ್ಲಿ ಆರೋ ಕಾಣದಿದ್ರೆ ಎಲ್ಲಿ ಹುಡುಕ್ಬೇಕು

ಓದುಗರ ಪ್ರಶ್ನೆ:

"ಸರ್, ನಾನು ಬೆಂಗಳೂರಲ್ಲಿ ನ್ಯೂರೋಸೈನ್ಸ್ ಪಿಎಚ್‌ಡಿ ಮಾಡ್ತಿದೀನಿ, ಲೈಫ್ ಸೈನ್ಸ್ ಕಡೆಯಿಂದ ಬಂದವಳು, ಕೋಡಿಂಗ್ ಅಷ್ಟಕ್ಕಷ್ಟೇ. ರೆಸ್ಟಿಂಗ್ ಸ್ಟೇಟ್ ಎಫ್‌ಎಂಆರ್‌ಐ ಡೇಟಾ ಇದೆ, ಎಎಎಲ್ ಅಟ್ಲಾಸ್‌ನ (ಮೆದುಳನ್ನ ಭಾಗ ಮಾಡಿರೋ ನಕ್ಷೆ) 90 ರೀಜನ್ ತಗೊಂಡು ಗ್ರೇಂಜರ್ ಕಾಸಾಲಿಟಿ (ಯಾವ ಭಾಗ ಯಾವುದನ್ನ ಓಡಿಸ್ತಿದೆ ಅಂತ ಅಂದಾಜು ಮಾಡೋ ಲೆಕ್ಕ) ಮಾಡಿ 90×90 ಮ್ಯಾಟ್ರಿಕ್ಸ್ ತೆಗೆದಿದೀನಿ. ಚಿತ್ರ ಬಿಡಿಸೋ ಬ್ರೇನ್‌ನೆಟ್ ವ್ಯೂವರ್‌ ಸಾಫ್ಟ್‌ವೇರ್‌ಗೆ ಹಾಕಿದ್ರೆ ಮೆದುಳು ಬರತ್ತೆ, ನೋಡ್ (ಒಂದೊಂದು ರೀಜನ್‌ನ ಗುಂಡು) ಬರತ್ತೆ, ಗೆರೆಗಳೂ ಬರತ್ತೆ, ಬಾಣದ ತಲೆ ಮಾತ್ರ ಒಂದೂ ಇಲ್ಲ. ಲ್ಯಾಬಲ್ಲಿ ಸೀನಿಯರ್ ಒಬ್ರು ಬಿಟ್ಟುಹೋದ ಸ್ಕ್ರಿಪ್ಟೇ ಬಳಸ್ತಿರೋದು. ಒಬ್ರು ಸಾಫ್ಟ್‌ವೇರ್ ತೆಗೆದು ಮತ್ತೆ ಇನ್‌ಸ್ಟಾಲ್ ಮಾಡು ಅಂದ್ರು, ಮಾಡಿದೆ, ಏನೂ ಬದಲಾಗ್ಲಿಲ್ಲ. ಇನ್ನೊಬ್ರು ನಿನ್ನ ಲ್ಯಾಪ್‌ಟಾಪ್ ಗ್ರಾಫಿಕ್ಸ್ ಕಾರ್ಡ್ ಸಾಲಲ್ಲ ಅಂತಾರೆ. ಮತ್ತೊಬ್ರು ಆರೋ ಬರೋಕೆ ದುಡ್ಡು ಕೊಟ್ಟು ತಗೊಳೋ ವರ್ಷನ್ ಬೇಕು ಅಂದ್ರು. ಪೇಪರ್ ಕಳಿಸೋಕೆ ಜಾಸ್ತಿ ದಿನ ಇಲ್ಲ. ಪವರ್‌ಪಾಯಿಂಟ್‌ನಲ್ಲಿ ಕೈಯಲ್ಲೇ ಆರೋ ಹಾಕ್ಬಿಡ್ಲಾ?"

ಉತ್ತರ:

ನಿಮ್ಮ ಪ್ರಶ್ನೆಯಲ್ಲೇ ಅರ್ಧ ಉತ್ತರ ಇದೆ. ಮೆದುಳು ಬಂತು, ನೋಡ್ ಬಂತು, ಗೆರೆ ಬಂತು ಅಂದ್ರಲ್ಲ, ಅಂದ್ರೆ ಫೈಲ್ ಸರಿಯಾಗಿ ಓದ್ಕೊಂಡಿದೆ, ನೋಡ್ ಫೈಲಿನ ಸಾಲಿಗೂ ಎಡ್ಜ್ ಫೈಲಿನ (ಗೆರೆಗಳ ಮ್ಯಾಟ್ರಿಕ್ಸ್ ಇರೋದು) ಸಾಲಿಗೂ ಲೆಕ್ಕ ತಾಳೆ ಆಗಿದೆ, ಸ್ಕ್ರೀನ್ ಮೇಲೆ 3ಡಿ ಬಿಡಿಸೋ ಕೆಲಸನೂ ನಡೀತಿದೆ. ಇಷ್ಟೆಲ್ಲಾ ಸರಿ ಇದ್ದು ಬಾಣದ ತಲೆ ಮಾತ್ರ ಕಾಣೆ ಆಗಿದೆ ಅಂದ್ರೆ ಸಾಫ್ಟ್‌ವೇರ್ ಕೆಟ್ಟಿರೋ ಸಾಧ್ಯತೆ ತೀರಾ ಕಮ್ಮಿ, ಒಂದೋ ಬಾಣ ಬಿಡಿಸು ಅಂತ ನೀವು ಅದಕ್ಕೆ ಹೇಳಿಲ್ಲ, ಇಲ್ಲಾ ಬಿಡಿಸೋಕೆ ಬೇಕಾದ ದಿಕ್ಕಿನ ಮಾಹಿತಿ ಆ ಫೈಲಿಗೆ ಬರೋ ಮುಂಚೆನೇ ಎಲ್ಲೋ ಸತ್ತುಹೋಗಿದೆ. ಮೊದಲನೇದು ಎರಡು ನಿಮಿಷದ ಕೆಲಸ. ಎರಡನೇದಾದ್ರೆ ನಿಮ್ಮ ರಿಸಲ್ಟ್ ಸೆಕ್ಷನ್‌ನೇ ಮತ್ತೆ ನೋಡ್ಬೇಕಾಗತ್ತೆ, ಅದಕ್ಕೇ ಸ್ವಲ್ಪ ಉದ್ದ ಬರೀತಿದೀನಿ.

ಮೊದಲು ನಿಮಗೆ ಸಿಕ್ಕಿರೋ ಸಲಹೆಗಳ ಕಥೆ ಮುಗಿಸೋಣ. ರೀಇನ್‌ಸ್ಟಾಲ್ ಮಾಡಿದ್ರೆ ಪ್ರೋಗ್ರಾಂ ಫೈಲುಗಳು ಹೊಸದಾಗತ್ತೆ ಅಷ್ಟೇ, ನಿಮ್ಮ ಎಡ್ಜ್ ಫೈಲೂ ಅದೇ, ಸೀನಿಯರ್ ಸೇವ್ ಮಾಡಿಟ್ಟ ಸೆಟ್ಟಿಂಗ್ಸ್ ಫೈಲೂ ಅದೇ, ಹಾಗಾಗಿ ಚಿತ್ರನೂ ಅದೇ ಬರತ್ತೆ. ಗ್ರಾಫಿಕ್ಸ್ ತೊಂದರೆ ಇದ್ರೆ ಅದರ ಲಕ್ಷಣನೇ ಬೇರೆ, ಮೆದುಳಿನ ಮೇಲ್ಮೈ ಕಪ್ಪಾಗಿ ಬರತ್ತೆ, ಟ್ರಾನ್ಸ್‌ಪರೆನ್ಸಿ ಕೆಲಸ ಮಾಡಲ್ಲ, ತಿರುಗಿಸಿದ್ರೆ ಚೂರುಚೂರಾಗತ್ತೆ, ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ಕೂತು ಮ್ಯಾಟ್‌ಲ್ಯಾಬ್ ಓಡಿಸೋರಿಗೆ ಇದು ಮಾಮೂಲಿ. ಗೆರೆ ನೀಟಾಗಿ ಬಂದು ತಲೆ ಮಾತ್ರ ಮಾಯ ಆಗೋದು ಆ ಜಾತಿಯ ಕಾಯಿಲೆ ಅಲ್ಲ. ಇನ್ನು ದುಡ್ಡಿನ ವರ್ಷನ್ ಅನ್ನೋದೇ ಇಲ್ಲ. ಬೀಜಿಂಗ್ ನಾರ್ಮಲ್ ಯೂನಿವರ್ಸಿಟಿಯ ಶಿಯಾ, ವಾಂಗ್, ಹೆ ಮೂವರೂ 2013ರಲ್ಲಿ ಪ್ಲಾಸ್ ವನ್ ಜರ್ನಲ್‌ನಲ್ಲಿ ಈ ಬ್ರೇನ್‌ನೆಟ್ ವ್ಯೂವರ್ ಬಗ್ಗೆ ಪೇಪರ್ ಬರೆದ್ರು, ಸಾಫ್ಟ್‌ವೇರ್ ಆಗಲೂ ಫ್ರೀ ಈಗಲೂ ಫ್ರೀ, ನಿಮ್ಮ ಸ್ಕ್ರಿಪ್ಟ್ ಓಡಿಸೋಕೆ ಬೇಕಾಗೋ ಮ್ಯಾಟ್‌ಲ್ಯಾಬ್‌ಗೆ ಲೈಸೆನ್ಸ್ ಬೇಕು ಅನ್ನೋದು ಬೇರೆ ಮಾತು.

ಇದೆಲ್ಲಕ್ಕಿಂತ ದೊಡ್ಡ ತಪ್ಪು ತಿಳುವಳಿಕೆ ಇನ್ನೊಂದಿದೆ, ಅದನ್ನ ಯಾರೂ ಬಾಯಿಬಿಟ್ಟು ಹೇಳಲ್ಲ, ಆದ್ರೆ ಎಲ್ಲರ ತಲೇಲೂ ಇರತ್ತೆ: "ನಾನು ಗ್ರೇಂಜರ್ ಮಾಡಿದೀನಿ, ಹಾಗಾಗಿ ಬಾಣ ತಾನಾಗೇ ಬರ್ಬೇಕು." ಎಡ್ಜ್ ಫೈಲನ್ನ ಒಂದ್ಸಲ ನೋಟ್‌ಪ್ಯಾಡ್‌ನಲ್ಲಿ ತೆಗೆದು ನೋಡಿ. ಬರೀ ನಂಬರ್‌ಗಳು, 90 ಸಾಲು 90 ಕಾಲಂ, ಮಧ್ಯೆ ಖಾಲಿ ಜಾಗ. ಇದು ಗ್ರೇಂಜರ್‌ನಿಂದ ಬಂತಾ ಕೋರಿಲೇಷನ್‌ನಿಂದ (ಎರಡು ಜಾಗ ಎಷ್ಟು ಒಟ್ಟಿಗೆ ಏರಿಳಿಯತ್ತೆ ಅನ್ನೋ ಲೆಕ್ಕ) ಬಂತಾ ಅಂತ ಅದರಲ್ಲಿ ಎಲ್ಲೂ ಬರೆದಿರಲ್ಲ. ಸಾಫ್ಟ್‌ವೇರ್‌ಗೆ ದಿಕ್ಕು ಗೊತ್ತಾಗೋದು ಒಂದೇ ಒಂದು ರೀತೀಲಿ, 5ನೇ ಸಾಲು 12ನೇ ಕಾಲಂನಲ್ಲಿರೋ ನಂಬರ್ರೂ 12ನೇ ಸಾಲು 5ನೇ ಕಾಲಂನಲ್ಲಿರೋ ನಂಬರ್ರೂ ಬೇರೆಬೇರೆ ಆಗಿದ್ರೆ. ಮೈಸೂರಿಂದ ಮಂಡ್ಯಕ್ಕೆ ಇರೋ ದೂರ ಮಂಡ್ಯದಿಂದ ಮೈಸೂರಿಗೆ ಇರೋ ದೂರ ಒಂದೇ, ಆದ್ರೆ ಬೆಳಿಗ್ಗೆ ಆ ಕಡೆ ಹೋಗೋ ಬಸ್ಸೂ ಈ ಕಡೆ ಬರೋ ಬಸ್ಸೂ ಅಷ್ಟೇ ಇರ್ಬೇಕು ಅಂತಿಲ್ಲ. ಕೋರಿಲೇಷನ್ ಆ ದೂರದ ತರ, ಗ್ರೇಂಜರ್ ಬಸ್ಸಿನ ತರ. 90 ರೀಜನ್‌ಗೆ ದಿಕ್ಕಿಲ್ಲದ ಜೋಡಿ 4005, ದಿಕ್ಕು ಲೆಕ್ಕಕ್ಕೆ ತಗೊಂಡ್ರೆ 8010. ನಿಮ್ಮ ಫೈಲಲ್ಲಿ ನಿಜವಾಗ್ಲೂ 8010 ಬೇರೆಬೇರೆ ಮಾಹಿತಿ ಇದ್ಯಾ, ಇಲ್ಲಾ 4005ನ್ನೇ ಕನ್ನಡಿ ಹಿಡಿದಂಗೆ ಎರಡು ಸಲ ಬರ್ದಿದ್ಯಾ, ಇದೇ ಮೊದಲ ಪ್ರಶ್ನೆ.

ಇದನ್ನ ನೋಡೋದು ಸುಲಭ. ಮ್ಯಾಟ್‌ಲ್ಯಾಬ್‌ನಲ್ಲಿ ಎಡ್ಜ್ ಫೈಲನ್ನೇ ಲೋಡ್ ಮಾಡಿ, ನೆನಪಿರಲಿ, ಮೆಮೊರಿಯಲ್ಲಿರೋ ವೇರಿಯಬಲ್ ಅಲ್ಲ, ವ್ಯೂವರ್‌ಗೆ ಕೊಟ್ಟ ಅದೇ ಫೈಲನ್ನ. ಆ ಮ್ಯಾಟ್ರಿಕ್ಸ್‌ನಿಂದ ಅದರದ್ದೇ ಟ್ರಾನ್ಸ್‌ಪೋಸ್ (ಸಾಲುಗಳನ್ನ ಕಾಲಂ ಮಾಡಿ ತಿರುಗಿಸಿದ್ದು) ಕಳೀರಿ, ಬಂದಿದ್ದರ ಆಬ್ಸಲ್ಯೂಟ್ ತಗೊಂಡು ಅದರಲ್ಲಿ ಅತಿ ದೊಡ್ಡ ಬೆಲೆ ಎಷ್ಟು ಅಂತ ನೋಡಿ. ಸೊನ್ನೆ ಬಂತು ಅಂದ್ರೆ ಮ್ಯಾಟ್ರಿಕ್ಸ್ ಪೂರ್ತಿ ಸಿಮೆಟ್ರಿಕ್, ಅದರಲ್ಲಿ ದಿಕ್ಕೇ ಇಲ್ಲ, ಯಾವ ಸಾಫ್ಟ್‌ವೇರ್ ತಂದ್ರೂ ಅರ್ಥ ಇರೋ ಬಾಣ ಬರಲ್ಲ. ಸೊನ್ನೆ ಅಲ್ಲ, ಆದ್ರೆ 0.0000001 ತರ ಏನೋ ಬಂತು ಅಂದ್ರೂ ಅದೇ ತೀರ್ಮಾನ, ಅದು ಡೆಸಿಮಲ್ ರೌಂಡಿಂಗ್ ಕಸ ಅಷ್ಟೇ. ನಿಮ್ಮ ಗ್ರೇಂಜರ್ ಬೆಲೆಗಳು ಯಾವ ಅಳತೇಲಿವೆಯೋ ಸುಮಾರು ಅದೇ ಅಳತೇಲಿ ವ್ಯತ್ಯಾಸ ಬಂದ್ರೆ ಮಾತ್ರ ಡೇಟಾ ಬದುಕಿದೆ.

ಪ್ರಶ್ನೆ ಓದಿದ ತಕ್ಷಣ ನನಗೆ ಅನುಮಾನ ಬಂದಿದ್ದು "ಸೀನಿಯರ್ ಬಿಟ್ಟುಹೋದ ಸ್ಕ್ರಿಪ್ಟ್" ಅನ್ನೋ ಮಾತಿನ ಮೇಲೆ. ಲ್ಯಾಬ್‌ಗಳಲ್ಲಿ ಓಡಾಡೋ ಇಂಥ ಸ್ಕ್ರಿಪ್ಟ್‌ಗಳು ಹೆಚ್ಚಿನವು ಕೋರಿಲೇಷನ್‌ಗೆ ಅಂತ ಬರೆದಂಥವು. ಕೋರಿಲೇಷನ್‌ಗೆ ಸಿಮೆಟ್ರಿ ಇರ್ಲೇಬೇಕು, ಹಾಗಾಗಿ ಬರೆದವರು ಮುಂಜಾಗ್ರತೆಗೆ ಅಂತ ಒಂದು ಸಾಲು ಹಾಕಿರ್ತಾರೆ, ಮ್ಯಾಟ್ರಿಕ್ಸ್‌ಗೆ ಅದರ ಟ್ರಾನ್ಸ್‌ಪೋಸ್ ಕೂಡಿಸಿ ಎರಡರಿಂದ ಭಾಗಿಸೋದು. ಅವರ ಕೆಲಸಕ್ಕೆ ಅದು ಸರಿನೇ, ನಿಮ್ಮ ಕೆಲಸಕ್ಕೆ ಅದೇ ಕೊಡಲಿ ಪೆಟ್ಟು. ಒಂದು ಕಡೆಗೆ 0.08, ವಾಪಸ್ ಕಡೆಗೆ 0.02 ಇತ್ತು ಅಂದ್ಕೊಳಿ, ಆ ಒಂದು ಸಾಲು ಆದ್ಮೇಲೆ ಎರಡೂ ಕಡೆ 0.05. ಗೆರೆ ಚೆನ್ನಾಗೇ ಬರತ್ತೆ, ನೋಡೋಕೂ ಚೆನ್ನಾಗಿರತ್ತೆ, ಎರರ್ ಮೆಸೇಜ್ ಒಂದೂ ಬರಲ್ಲ.

ಇನ್ನೊಂದು ಜಾಗ ಗ್ರೂಪ್ ಸ್ಟ್ಯಾಟಿಸ್ಟಿಕ್ಸ್. ಎಲ್ಲಾ ಸಬ್ಜೆಕ್ಟ್‌ಗಳ ಮ್ಯಾಟ್ರಿಕ್ಸ್‌ನ ಉದ್ದುದ್ದ ವೆಕ್ಟರ್ ಮಾಡಿ ಟಿ-ಟೆಸ್ಟ್ ಮಾಡೋವಾಗ ಮೇಲಿನ ತ್ರಿಕೋನ ಮಾತ್ರ ತಗೊಳೋದು ಅಭ್ಯಾಸ, ಯಾಕಂದ್ರೆ ಕೋರಿಲೇಷನ್‌ನಲ್ಲಿ ಕೆಳಗಿನದ್ದು ಬರೀ ನಕಲು. ಟೆಸ್ಟ್ ಆದ್ಮೇಲೆ ಆ ಮೇಲಿನ ಅರ್ಧನೇ ಕೆಳಗೂ ಮಡಚಿ ಹಾಕಿ ಪೂರ್ತಿ ಮ್ಯಾಟ್ರಿಕ್ಸ್ ಮಾಡ್ತಾರೆ. ಗ್ರೇಂಜರ್‌ಗೆ ಹೀಗೆ ಮಾಡಿದ್ರೆ ಸರಾಸರಿನೂ ಅಲ್ಲ, ನಿಮ್ಮ ಅರ್ಧ ಡೇಟಾ, 4005 ಬೆಲೆ, ಸೀದಾ ಕಸದ ಬುಟ್ಟಿಗೆ. ನೆಟ್‌ವರ್ಕ್ ಬೇಸ್ಡ್ ಸ್ಟ್ಯಾಟಿಸ್ಟಿಕ್ ಅಂತ ಎಲ್ಲರೂ ಬಳಸೋ ಎನ್‌ಬಿಎಸ್ ಟೂಲ್‌ಬಾಕ್ಸ್ ಇದ್ಯಲ್ಲ, ಮೂಲತಃ ಅದೂ ಮೇಲಿನ ತ್ರಿಕೋನ ಓದೋ ಲೆಕ್ಕದಲ್ಲೇ ಬರೆದಿರೋದು, ಡೈರೆಕ್ಟೆಡ್ ಮ್ಯಾಟ್ರಿಕ್ಸ್ ಕೊಟ್ರೆ ಅರ್ಧ ನೋಡಿ ಸುಮ್ಮನಾಗತ್ತೆ. ನಿಮ್ಮ ಸ್ಕ್ರಿಪ್ಟ್‌ನಲ್ಲಿ ಟ್ರಾನ್ಸ್‌ಪೋಸ್ ಚಿಹ್ನೆ, ಟ್ರೈಯು, ಟ್ರಿಲ್, ಸ್ಕ್ವೇರ್‌ಫಾರ್ಮ್ (ತ್ರಿಕೋನ ತೆಗೆಯೋ, ಮಡಚೋ ಫಂಕ್ಷನ್‌ಗಳು) ಎಲ್ಲೆಲ್ಲಿ ಬರತ್ತೋ ಹುಡುಕಿ, ಪ್ರತಿಯೊಂದರ ಹಿಂದೆ ಮುಂದೆ ಮೇಲಿನ ಸಿಮೆಟ್ರಿ ಟೆಸ್ಟ್ ಹಾಕಿ. ಎಲ್ಲಿ ಸೊನ್ನೆ ಆಗತ್ತೋ ಅಲ್ಲೇ ಸಿಕ್ಕಿಬೀಳತ್ತೆ. ಸಿಕ್ಕಿದ್ರೆ ಚಿತ್ರ ಮಾತ್ರ ಸರಿಮಾಡಿ ಬಿಡಬೇಡಿ, ಆ ಸಾಲು ದಾಟಿ ಬಂದ ಪಿ-ವ್ಯಾಲ್ಯೂಗಳೂ ಟೇಬಲ್‌ಗಳೂ ಎಲ್ಲಾ ಮತ್ತೆ ಮಾಡ್ಬೇಕು, ಬೇಜಾರಿನ ಕೆಲಸನೇ, ಆದ್ರೆ ಬೇರೆ ದಾರಿ ಇಲ್ಲ.

ಟೆಸ್ಟ್ ಪಾಸಾಯ್ತು, ಮ್ಯಾಟ್ರಿಕ್ಸ್ ಸಿಮೆಟ್ರಿಕ್ ಅಲ್ಲ ಅಂದ್ಕೊಳಿ. ಆಗ ವ್ಯೂವರ್ ಕಡೆ ಬನ್ನಿ. ಆಪ್ಷನ್ ಪ್ಯಾನೆಲ್‌ನಲ್ಲಿ ಎಡ್ಜ್ ಭಾಗಕ್ಕೆ ಹೋದ್ರೆ ಡೈರೆಕ್ಟೆಡ್ ಅಂತ ಒಂದು ಟಿಕ್ ಇದೆ, ಅದು ಖಾಲಿ ಇದ್ರೆ ಮ್ಯಾಟ್ರಿಕ್ಸ್ ಹೇಗೇ ಇರ್ಲಿ ಬರೀ ಗೆರೆ ಬಿಡಿಸತ್ತೆ. ಸುಮಾರು ಜನರ ಸಮಸ್ಯೆ ಇಲ್ಲಿಗೇ ಮುಗಿಯತ್ತೆ. ಆದ್ರೆ ನೀವು ಸ್ಕ್ರಿಪ್ಟ್‌ನಿಂದ ಓಡಿಸ್ತಿದೀರಿ, ಅದಕ್ಕೊಂದು ಸೂಕ್ಷ್ಮ ಇದೆ. ಸ್ಕ್ರಿಪ್ಟ್‌ನಲ್ಲಿ ಬ್ರೇನ್‌ನೆಟ್ ಮ್ಯಾಪ್‌ಸಿಎಫ್‌ಜಿ ಅನ್ನೋ ಫಂಕ್ಷನ್ ಕರೆದು ಅದಕ್ಕೆ ಮೆದುಳಿನ ಮೆಶ್ (ಮೇಲ್ಮೈಯ ಆಕಾರದ ಫೈಲ್), ನೋಡ್ ಫೈಲ್, ಎಡ್ಜ್ ಫೈಲ್ ಜೊತೆಗೆ ಸೆಟ್ಟಿಂಗ್ಸ್ ಇರೋ ಒಂದು ಮ್ಯಾಟ್ ಫೈಲ್ ಕೊಟ್ಟಿರ್ತಾರೆ. ಆ ಫೈಲನ್ನ ಸೀನಿಯರ್ ತಮ್ಮ ಕೋರಿಲೇಷನ್ ಪೇಪರ್‌ಗೆ ಅಂತ ಸೇವ್ ಮಾಡಿದ್ರೆ ಅದರಲ್ಲಿ ಡೈರೆಕ್ಟೆಡ್ ಆಫ್ ಇರತ್ತೆ, ನೀವು ವಿಂಡೋದಲ್ಲಿ ಹತ್ತು ಸಲ ಟಿಕ್ ಹಾಕಿದ್ರೂ ಸ್ಕ್ರಿಪ್ಟ್ ಓಡಿದಾಗ ಹಳೇ ಫೈಲೇ ಗೆಲ್ಲೋದು. ರೀಇನ್‌ಸ್ಟಾಲ್ ಮಾಡಿದ್ರೂ ಏನೂ ಆಗ್ಲಿಲ್ಲ ಅಂದ್ರಲ್ಲ, ಅದಕ್ಕೂ ಇದು ಹೊಂದತ್ತೆ. ವಿಂಡೋ ತೆಗೆದು ಕೈಯಲ್ಲೇ ಮೂರೂ ಫೈಲ್ ಲೋಡ್ ಮಾಡಿ, ಟಿಕ್ ಹಾಕಿ, ಬಾಣ ಬಂತಾ ನೋಡಿ, ಬಂದ್ರೆ ಸೆಟ್ಟಿಂಗ್ಸ್ ಹೊಸ ಹೆಸರಲ್ಲಿ ಸೇವ್ ಮಾಡಿ ಆ ಹೆಸರನ್ನ ಸ್ಕ್ರಿಪ್ಟ್‌ಗೆ ಕೊಡಿ.

ಇಲ್ಲಿಗೆ ಬಾಣ ಬಂದಿರ್ಬೇಕು. ಬಂದ ಖುಷೀಲಿ ಸ್ಕ್ರೀನ್‌ಶಾಟ್ ತೆಗೆದು ಗೈಡ್‌ಗೆ ಕಳಿಸೋಕೆ ಮುಂಚೆ ಒಂದು ನಿಮಿಷ ತಡೀರಿ. ನನ್ನ ಪ್ರಕಾರ ಬಾಣ ಕಾಣದೇ ಇರೋದು ಸಣ್ಣ ತೊಂದರೆ, ಯಾಕಂದ್ರೆ ಅದು ಎದ್ದು ಕಾಣತ್ತೆ, ನೀವು ಹುಡುಕ್ತೀರಿ. ಬಾಣ ಉಲ್ಟಾ ಬಂದ್ರೆ ಯಾರಿಗೂ ಗೊತ್ತಾಗಲ್ಲ, ಚಿತ್ರ ಅಷ್ಟೇ ಚೆನ್ನಾಗಿರತ್ತೆ, ರಿವ್ಯೂವರ್‌ಗೂ ಗೊತ್ತಾಗಲ್ಲ, ಪ್ರಿಂಟ್ ಆಗ್ಬಿಡತ್ತೆ.

ಯಾಕೆ ಉಲ್ಟಾ ಬರತ್ತೆ ಅಂದ್ರೆ ಸಾಲು ಅಂದ್ರೆ "ಎಲ್ಲಿಂದ" ಅಂತಾನಾ "ಎಲ್ಲಿಗೆ" ಅಂತಾನಾ ಅನ್ನೋದರಲ್ಲಿ ಈ ಫೀಲ್ಡ್‌ನಲ್ಲಿ ಒಮ್ಮತ ಇಲ್ಲ. ಎಸ್‌ಪಿಎಂ ಸಾಫ್ಟ್‌ವೇರ್‌ನ ಡಿಸಿಎಂ ಅನ್ನೋ ವಿಧಾನದಲ್ಲಿ ಕಾಲಂ ಹೊರಡೋ ಜಾಗ, ಸಾಲು ತಲುಪೋ ಜಾಗ. ಗ್ರೇಂಜರ್‌ಗೆ ತುಂಬಾ ಜನ ಬಳಸೋ ಎಂವಿಜಿಸಿ ಟೂಲ್‌ಬಾಕ್ಸ್‌ನಲ್ಲೂ ಹಾಗೇ, ಕಾಲಂನಿಂದ ಸಾಲಿಗೆ. ಅದೇ ಬ್ರೇನ್ ಕನೆಕ್ಟಿವಿಟಿ ಟೂಲ್‌ಬಾಕ್ಸ್‌ಗೆ ಬಂದ್ರೆ ಪೂರ್ತಿ ತಿರುಗುಮುರುಗು, ಅಲ್ಲಿ ಸಾಲಿನಿಂದ ಕಾಲಂಗೆ, ಅದಕ್ಕೇ ಅದರಲ್ಲಿ ಇನ್-ಡಿಗ್ರೀ (ಒಳಗೆ ಬರೋ ಕನೆಕ್ಷನ್‌ಗಳ ಲೆಕ್ಕ) ಅಂದ್ರೆ ಕಾಲಂನ ಮೊತ್ತ. ಮ್ಯಾಟ್‌ಲ್ಯಾಬ್‌ನ ಡೈಗ್ರಾಫ್, ಪೈಥಾನ್‌ನ ನೆಟ್‌ವರ್ಕ್‌ಎಕ್ಸ್ ಎರಡೂ ಸಾಲಿನಿಂದ ಕಾಲಂಗೆ. ಹೀಗಿರೋವಾಗ ಒಂದು ಟೂಲ್‌ಬಾಕ್ಸ್‌ನಲ್ಲಿ ಲೆಕ್ಕ ಮಾಡಿ ಇನ್ನೊಂದರಲ್ಲಿ ಹಬ್ (ತುಂಬಾ ಕನೆಕ್ಷನ್ ಇರೋ ಜಾಗ) ಹುಡುಕಿ ಮೂರನೇದರಲ್ಲಿ ಚಿತ್ರ ಬಿಡಿಸಿದ್ರೆ ಮಧ್ಯೆ ಒಂದು ಟ್ರಾನ್ಸ್‌ಪೋಸ್ ಬಿಟ್ಟುಹೋಗೋದು ದೊಡ್ಡ ವಿಷ್ಯವೇ ಅಲ್ಲ. "ಥಾಲಮಸ್‌ನಿಂದ ಕಾರ್ಟೆಕ್ಸ್‌ಗೆ" ಅನ್ನೋ ನಿಮ್ಮ ತೀರ್ಮಾನ "ಕಾರ್ಟೆಕ್ಸ್‌ನಿಂದ ಥಾಲಮಸ್‌ಗೆ" ಆಗಿಹೋಗತ್ತೆ, ಡಿಸ್ಕಷನ್ ಸೆಕ್ಷನ್‌ನಲ್ಲಿ ಅದಕ್ಕೂ ಒಂದು ಸಮರ್ಥನೆ ಸಿಕ್ಕೇ ಸಿಗತ್ತೆ ಬಿಡಿ, ನ್ಯೂರೋಸೈನ್ಸ್ ಲಿಟರೇಚರ್ ಅಷ್ಟು ಉದಾರಿ!

ಇದಕ್ಕೆ ಮ್ಯಾನ್ಯುಅಲ್ ಓದೋದಕ್ಕಿಂತ, ನನ್ನಂಥವರ ಮಾತು ಕೇಳೋದಕ್ಕಿಂತ, ಮೂರು ನೋಡ್‌ನ ಒಂದು ಆಟಿಕೆ ಫೈಲ್ ಮಾಡೋದು ವಾಸಿ. ನೋಡ್ ಫೈಲಲ್ಲಿ ಮೂರೇ ಸಾಲು. ಮೊದಲನೇದರ ಜಾಗ -30, 50, 10 ಕೊಡಿ, ಮೆದುಳಲ್ಲಿ ಜಾಗ ಗುರುತಿಸೋ ಎಂಎನ್‌ಐ ಲೆಕ್ಕದಲ್ಲಿ ಇದು ಎಡಗಡೆ ಮುಂಭಾಗ. ಎರಡನೇದು 30, -80, 10, ಅಂದ್ರೆ ಬಲಗಡೆ ಹಿಂಭಾಗ. ಮೂರನೇದು 0, -20, 60, ಮೇಲೆ ಮಧ್ಯದಲ್ಲಿ. ಆಮೇಲೆ ಬಣ್ಣದ ಕಾಲಂ, ಸೈಜಿನ ಕಾಲಂ, ಕೊನೇಲಿ ಹೆಸರು. ಹೆಸರಿನ ಮಧ್ಯೆ ಸ್ಪೇಸ್ ಬಿಡಬೇಡಿ, ಬಿಟ್ರೆ ಅದು ಇನ್ನೊಂದು ಕಾಲಂ ಅಂದ್ಕೊಳತ್ತೆ. ಎಡ್ಜ್ ಫೈಲಲ್ಲಿ 3×3, ಎಲ್ಲಾ ಸೊನ್ನೆ, ಮೊದಲ ಸಾಲಿನ ಎರಡನೇ ಕಾಲಂನಲ್ಲಿ ಮಾತ್ರ 1. ಡೈರೆಕ್ಟೆಡ್ ಟಿಕ್ ಹಾಕಿ ಬಿಡಿಸಿ. ಒಂದೇ ಒಂದು ಬಾಣ ಬರ್ಬೇಕು. ಅದು ಎಡ ಮುಂಭಾಗದಿಂದ ಬಲ ಹಿಂಭಾಗಕ್ಕೆ ಹೋದ್ರೆ ನಿಮ್ಮ ವರ್ಷನ್‌ನಲ್ಲಿ ಸಾಲು ಅಂದ್ರೆ ಹೊರಡೋ ಜಾಗ, ವಾಪಸ್ ಬಂದ್ರೆ ಉಲ್ಟಾ. ಬಾಣನೇ ಬರಲಿಲ್ಲ ಅಂದ್ರೆ ಮಾತ್ರ ಆಗ ಸಾಫ್ಟ್‌ವೇರ್ ಮೇಲೆ ಅನುಮಾನ ಪಡಿ, ಹಳೇ ವರ್ಷನ್ ಇದ್ರೆ ಬದಲಾಯಿಸಿ.

ಇದೇ ಕೆಲಸನ ಲೆಕ್ಕದ ಕಡೆಗೂ ಮಾಡ್ಬೇಕು. ಮ್ಯಾಟ್‌ಲ್ಯಾಬ್‌ನಲ್ಲಿ ಎರಡು ರ‍್ಯಾಂಡಮ್ ಸಿಗ್ನಲ್ ಮಾಡಿ, ಎರಡನೇದಕ್ಕೆ ಮೊದಲನೇದರ ಹಿಂದಿನ ಬೆಲೆನ ಒಂದು ಪಾಲು ಸೇರಿಸಿ, ಅಂದ್ರೆ ಒಂದು ಎರಡನ್ನ ಓಡಿಸ್ತಿದೆ ಅಂತ ನಿಮಗೆ ಮೊದಲೇ ಗೊತ್ತು. ನಿಮ್ಮ ಗ್ರೇಂಜರ್ ಕೋಡ್‌ಗೆ ಕೊಡಿ, ದೊಡ್ಡ ನಂಬರ್ ಯಾವ ಮೂಲೇಲಿ ಬಿತ್ತು ನೋಡಿ. ಈ ಎರಡು ಟೆಸ್ಟ್ ಆದ್ಮೇಲೆ ಟ್ರಾನ್ಸ್‌ಪೋಸ್ ಬೇಕಾ ಬೇಡ್ವಾ ಅನ್ನೋದು ಊಹೆಯ ಮಾತಾಗಿ ಉಳಿಯಲ್ಲ. ಅರ್ಧ ಗಂಟೆ ಕೆಲಸ.

ಈಗ ಮೂರು ನೋಡ್‌ನಲ್ಲಿ ಬಾಣ ಬರತ್ತೆ, ನಿಮ್ಮ 90 ನೋಡ್ ಚಿತ್ರದಲ್ಲಿ ಕಾಣಲ್ಲ ಅನ್ನೋ ಪರಿಸ್ಥಿತಿ. ಇದು ಬರೀ ಜಾಗದ ಸಮಸ್ಯೆ. ಗೆರೆ ಬಿಡಿಸೋದು ಒಂದು ನೋಡ್‌ನ ಮಧ್ಯದಿಂದ ಇನ್ನೊಂದರ ಮಧ್ಯಕ್ಕೆ, ಆ ಕೊನೇಲಿರೋ ಬಾಣದ ತಲೆ ಗುಂಡನೆ ನೋಡ್ ಒಳಗೇ ಮುಳುಗಿರಬಹುದು. ನೋಡ್ ಸೈಜ್ ಅರ್ಧಕ್ಕೆ ಇಳಿಸಿ ನೋಡಿ, ಇದ್ದಕ್ಕಿದ್ದಂಗೆ ಬಾಣಗಳು ಹೊರಗೆ ಬರ್ತವೆ. ನೆಟ್‌ವರ್ಕ್‌ಎಕ್ಸ್ ಬಳಸೋರಿಗೂ ಇದೇ ಕಾಟ, ಅದರಲ್ಲಿ ನೋಡ್ ಬಿಡಿಸೋ ಫಂಕ್ಷನ್‌ಗೆ ಕೊಟ್ಟ ಸೈಜನ್ನೇ ಎಡ್ಜ್ ಬಿಡಿಸೋ ಫಂಕ್ಷನ್‌ಗೂ ಕೊಡ್ಬೇಕು, ಇಲ್ಲಾಂದ್ರೆ ನೋಡ್ ಎಷ್ಟು ದಪ್ಪ ಅಂತ ಬಾಣಕ್ಕೆ ಗೊತ್ತಾಗಲ್ಲ. ಗೆರೆ ತೀರಾ ತೆಳುವಾಗಿದ್ರೆ ತಲೆನೂ ಚಿಕ್ಕದಾಗಿ ಕಣ್ಣಿಗೆ ಬೀಳಲ್ಲ. ಎರಡೂ ಕಡೆಗೂ ಕನೆಕ್ಷನ್ ಇರೋ ಜೋಡಿಗಳಲ್ಲಿ ಒಂದೇ ದಾರಿ ಮೇಲೆ ಎರಡು ಬಾಣ ಬಿದ್ದು ಬರೀ ದಪ್ಪ ಗೆರೆ ತರ ಕಾಣತ್ತೆ.

ಅದಕ್ಕಿಂತ ಹೆಚ್ಚಾಗಿ, ಥ್ರೆಶೋಲ್ಡ್, ಅಂದ್ರೆ ಎಷ್ಟು ಬಲವಾದ ಕನೆಕ್ಷನ್ ಮಾತ್ರ ತೋರಿಸ್ಬೇಕು ಅನ್ನೋ ಮಿತಿ. ಶೇಕಡಾ 5 ಇಟ್ಟಿದೀನಿ, ಸಾಕಷ್ಟು ಕಮ್ಮಿನೇ ಅಂತೀರಿ, 8010ರಲ್ಲಿ ಶೇಕಡಾ 5 ಅಂದ್ರೆ 400 ಬಾಣ. ಅಂಗೈ ಅಗಲದ ಚಿತ್ರದಲ್ಲಿ 400 ಬಾಣ ಇದ್ರೂ ಒಂದೇ ಇಲ್ದಿದ್ರೂ ಒಂದೇ. ಇಪ್ಪತ್ತು ಮೂವತ್ತು ದಾಟಿದ್ರೆ ಓದುಗರು ನೋಡೋದನ್ನೇ ಬಿಡ್ತಾರೆ ಅನ್ನೋದು ನನ್ನ ಅನುಭವ, ಪೂರ್ತಿ ಮ್ಯಾಟ್ರಿಕ್ಸ್ ತೋರಿಸ್ಬೇಕು ಅಂದ್ರೆ ಪಕ್ಕದಲ್ಲಿ ಹೀಟ್‌ಮ್ಯಾಪ್ ಹಾಕಿ, ಅದರಲ್ಲಿ ದಿಕ್ಕು ಎಲ್ಲೂ ಅಡಗಿ ಕೂರಲ್ಲ. ಹಾಗೇ ಎಂವಿಜಿಸಿ ಕೊಡೋ ಮ್ಯಾಟ್ರಿಕ್ಸ್‌ನ ಕರ್ಣದಲ್ಲಿ ನಂಬರ್ ಬದಲು ಎನ್‌ಎಎನ್ ("ನಂಬರ್ ಅಲ್ಲ" ಅನ್ನೋ ಗುರುತು) ಇರತ್ತೆ, ಫೈಲ್ ಬರೆಯೋ ಮುಂಚೆ ಅದನ್ನ ಸೊನ್ನೆ ಮಾಡಿ. ಪೈಥಾನ್‌ನಲ್ಲಿ ಸೇವ್ ಮಾಡೋರು ಫಾರ್ಮ್ಯಾಟ್‌ಗೆ ಪರ್ಸೆಂಟ್ ಡಿ (ಪೂರ್ಣಾಂಕ ಮಾತ್ರ ಬರೆಯೋದು) ಕೊಟ್ಟಿದ್ರೆ 0.08, 0.3 ಎಲ್ಲಾ ಸೊನ್ನೆ ಆಗ್ಬಿಡತ್ತೆ, ಆದ್ರೆ ಆಗ ಗೆರೆನೂ ಹೋಗತ್ತೆ, ಹಾಗಾಗಿ ಅದು ನಿಮ್ಮ ಕೇಸ್ ಅಲ್ಲ.

ಬೇರೆ ಸಾಫ್ಟ್‌ವೇರ್‌ಗೆ ಹಾರೋಣ ಅಂತ ಯೋಚನೆ ಇದ್ರೆ ಒಂದೆರಡು ಮಾತು. ಪೈಥಾನ್‌ನ ನೈಲರ್ನ್ ಪ್ಯಾಕೇಜ್‌ನ ಪ್ಲಾಟ್ ಕನೆಕ್ಟೋಮ್ ಫಂಕ್ಷನ್‌ನ ಈಗಿನ ವರ್ಷನ್‌ಗಳು ಮ್ಯಾಟ್ರಿಕ್ಸ್ ಸಿಮೆಟ್ರಿಕ್ ಅಲ್ಲ ಅಂತ ಕಂಡ್ರೆ ತಾವಾಗೇ ಬಾಣ ಹಾಕ್ತವೆ, ಡೈರೆಕ್ಟೆಡ್ ಗ್ರಾಫ್ ಬಿಡಿಸ್ತಿದೀನಿ ಅಂತ ವಾರ್ನಿಂಗೂ ಕೊಡ್ತವೆ, ಆ ವಾರ್ನಿಂಗ್ ಬರಲಿಲ್ಲ ಅಂದ್ರೆ ಮೇಲೆ ಹೇಳಿದ ಸಿಮೆಟ್ರಿ ಸಮಸ್ಯೆನೇ ಅಂತ ತಿಳ್ಕೊಳಿ. ಎಂಎನ್‌ಇ ಅನ್ನೋ ಇನ್ನೊಂದು ಪೈಥಾನ್ ಪ್ಯಾಕೇಜ್‌ನ ಸರ್ಕಲ್ ಪ್ಲಾಟ್ ನೋಡೋಕೆ ತುಂಬಾ ಚೆಂದ, ಆದ್ರೆ ಅದಕ್ಕೆ ಚೌಕ ಮ್ಯಾಟ್ರಿಕ್ಸ್ ಕೊಟ್ರೆ ಕೆಳಗಿನ ತ್ರಿಕೋನ ಮಾತ್ರ ತಗೊಳತ್ತೆ, ಬಾಣನೂ ಹಾಕಲ್ಲ, ನಿಮಗೆ ಅದು ಬೇಡವೇ ಬೇಡ. ಇಇಜಿ, ಎಂಇಜಿ ಮಾಡೋ ಗೆಳೆಯರು ಇದೇ ಎಂಎನ್‌ಇಯಲ್ಲಿ ಮೆದುಳಿನ ಮೇಲೆ ಕರೆಂಟ್‌ನ ಬಾಣ ಕಾಣ್ತಿಲ್ಲ ಅಂತ ಕೇಳ್ತಿರ್ತಾರೆ, ಅವರಿಗೆ ಉತ್ತರ ಬೇರೆ: ಇನ್ವರ್ಸ್ (ಹೊರಗೆ ಅಳೆದ ಸಿಗ್ನಲ್‌ನಿಂದ ಮೆದುಳೊಳಗಿನ ಮೂಲ ಹುಡುಕೋ ಲೆಕ್ಕ) ಹಾಕೋವಾಗ ಪಿಕ್ ಓರಿ ಅನ್ನೋ ಜಾಗದಲ್ಲಿ ವೆಕ್ಟರ್ ಅಂತ ಕೊಡ್ಬೇಕು, ಕೊಡದಿದ್ರೆ ಮೂರು ದಿಕ್ಕಿನ ಬೆಲೆ ಸೇರಿಸಿ ಗಾತ್ರ ಒಂದನ್ನೇ ಉಳಿಸ್ಕೊಳತ್ತೆ, ಆಮೇಲೆ ಪ್ಲಾಟ್ ಹಂತದಲ್ಲಿ ಏನು ಹುಡುಕಿದ್ರೂ ಸಿಗಲ್ಲ. ಟ್ರಾಕ್ಟೋಗ್ರಫಿ (ನರತಂತುಗಳ ದಾರಿ ಬಿಡಿಸೋದು) ಮಾಡೋರು ಮಾತ್ರ ಬಾಣ ಕೇಳ್ಲೇಬಾರದು, ಡಿಫ್ಯೂಷನ್ ಎಂಆರ್‌ಐ ಅಳೆಯೋದು ನೀರು ನರತಂತುವಿನ ಉದ್ದಕ್ಕೆ ಹೇಗೆ ಹರಡತ್ತೆ ಅಂತ, ಆ ಕಡೆಗಾ ಈ ಕಡೆಗಾ ಅನ್ನೋದು ಅದರಲ್ಲಿ ಇಲ್ಲವೇ ಇಲ್ಲ. ನಿಜವಾದ ದಿಕ್ಕು ಬೇಕಂದ್ರೆ ಪ್ರಾಣಿಗಳಲ್ಲಿ ಟ್ರೇಸರ್ ಚುಚ್ಚಿ ನೋಡೋ ವಿಧಾನನೇ, 2014ರಲ್ಲಿ ಆಲೆನ್ ಇನ್‌ಸ್ಟಿಟ್ಯೂಟ್‌ನವರು ಇಲಿಯ ಮೆದುಳಿನ ಕನೆಕ್ಟಿವಿಟಿ ನಕ್ಷೆ ಮಾಡಿದ್ದು ಹಾಗೇ.

ಬಾಣ ಬಂತು, ದಿಕ್ಕೂ ಸರಿ ಇದೆ ಅಂದ್ಮೇಲೂ ನಿಮ್ಮ ರಿವ್ಯೂವರ್ ಒಂದು ಪ್ರಶ್ನೆ ಕೇಳೇ ಕೇಳ್ತಾರೆ, ಅದಕ್ಕೆ ಈಗಲೇ ರೆಡಿ ಆಗಿರಿ. ಎಫ್‌ಎಂಆರ್‌ಐ ನೋಡೋದು ನ್ಯೂರಾನ್‌ಗಳನ್ನಲ್ಲ, ರಕ್ತದ ಆಕ್ಸಿಜನ್‌ನ. ನ್ಯೂರಾನ್ ಕೆಲಸ ಮಾಡಿ ಐದಾರು ಸೆಕೆಂಡ್ ಆದ್ಮೇಲೆ ಆ ಸಿಗ್ನಲ್ ಏರಿ ತುದಿ ಮುಟ್ಟತ್ತೆ, ಆ ತಡ ಮೆದುಳಿನ ಎಲ್ಲಾ ಜಾಗದಲ್ಲೂ ಒಂದೇ ಸಮ ಇರಲ್ಲ. ಗ್ರೇಂಜರ್ ಅನ್ನೋದು "ಯಾವುದರ ಹಿಂದಿನ ಬೆಲೆ ಇನ್ನೊಂದರ ಮುಂದಿನ ಬೆಲೆನ ಊಹಿಸೋಕೆ ಸಹಾಯ ಮಾಡತ್ತೆ" ಅಂತ ನೋಡೋ ವಿಧಾನ, ಕ್ಲೈವ್ ಗ್ರೇಂಜರ್ 1969ರಲ್ಲಿ ಅರ್ಥಶಾಸ್ತ್ರಕ್ಕೆ ಅಂತ ಬರೆದದ್ದು. ರಕ್ತನಾಳ ಚುರುಕಾಗಿರೋ ಜಾಗ ಮೊದಲು ಏರಿದ್ರೆ ಅದೇ ಓಡಿಸೋದು ಅಂತ ಅದು ಹೇಳಿಬಿಡಬಹುದು. 2008ರಲ್ಲಿ ಪ್ಲಾಸ್ ಬಯಾಲಜಿಯಲ್ಲಿ ಡೇವಿಡ್ ಮತ್ತವರ ತಂಡ ಮೂರ್ಛೆ ರೋಗದ ಇಲಿಗಳಲ್ಲಿ ಮೆದುಳೊಳಗಿನ ಇಇಜಿಯನ್ನೂ ಎಫ್‌ಎಂಆರ್‌ಐಯನ್ನೂ ಹೋಲಿಸಿ ನೋಡಿತು, ರಕ್ತದ ತಡನ ಲೆಕ್ಕದಿಂದ ತೆಗೆಯದೆ ಹಾಗೇ ಗ್ರೇಂಜರ್ ಮಾಡಿದ್ರೆ ನಿಜವಾದ ಮೂಲ ಸಿಗಲಿಲ್ಲ. 2011ರಲ್ಲಿ ಆಕ್ಸ್‌ಫರ್ಡ್‌ನ ಸ್ಟೀಫನ್ ಸ್ಮಿತ್ ಮತ್ತಿತರರು ಸಿಮ್ಯುಲೇಷನ್ ಮಾಡಿ ನೋಡಿದಾಗ್ಲೂ ಹಿಂದುಮುಂದು ಸಮಯ ನೋಡೋ ವಿಧಾನಗಳು ದಿಕ್ಕು ಹೇಳೋದರಲ್ಲಿ ಕೆಟ್ಟದಾಗೇ ಮಾಡಿದವು. ಗ್ರೇಂಜರ್ ಮಾಡ್ಲೇಬಾರದು ಅಂತಲ್ಲ. ಡೀಕನ್ವಲ್ಯೂಷನ್ (ಆ ರಕ್ತದ ತಡನ ಲೆಕ್ಕದಿಂದ ತೆಗೆಯೋದು) ಮಾಡಿದೀರಾ, ಟಿಆರ್ (ಒಂದು ಸ್ಕ್ಯಾನ್‌ನಿಂದ ಮುಂದಿನದಕ್ಕೆ ಇರೋ ಸಮಯ) ಎಷ್ಟು, ಎರಡು ಗ್ರೂಪ್ ನಡುವಿನ ವ್ಯತ್ಯಾಸ ತೋರಿಸ್ತಿದೀರಾ ಇಲ್ಲಾ ಒಂದೊಂದು ಬಾಣನೂ ಸತ್ಯ ಅಂತಿದೀರಾ, ಇವಕ್ಕೆ ಉತ್ತರ ಬರೆದಿಟ್ಕೊಳಿ.

ಇನ್ನು ನಿಮ್ಮ ಮುಂದಿರೋ ದಾರಿಗಳು. ಮ್ಯಾಟ್ರಿಕ್ಸ್ ಸರಿ ಇದ್ದು ಬರೀ ಟಿಕ್ ಸಮಸ್ಯೆ ಆಗಿದ್ರೆ ಇವತ್ತೇ ಮುಗೀತು. ಮಧ್ಯೆ ಸಿಮೆಟ್ರಿಕ್ ಮಾಡಿರೋದು ಸಿಕ್ಕಿದ್ರೆ ಸ್ಟ್ಯಾಟಿಸ್ಟಿಕ್ಸ್ ಮತ್ತೆ ಮಾಡಿ, 8010 ಟೆಸ್ಟ್‌ಗೆ ಎಫ್‌ಡಿಆರ್ (ತುಂಬಾ ಟೆಸ್ಟ್ ಮಾಡಿದಾಗ ಸುಳ್ಳು ರಿಸಲ್ಟ್ ತಡೆಯೋ ತಿದ್ದುಪಡಿ) ಹಾಕಿದ್ರೆ ಈಗ ಸಿಗ್ನಿಫಿಕೆಂಟ್ ಇರೋ ಕೆಲವು ಕನೆಕ್ಷನ್ ಉದುರಿಹೋಗಬಹುದು, ಅದಕ್ಕೂ ತಯಾರಿರಿ. ಸಮಯ ಇಲ್ವೇ ಇಲ್ಲ ಅಂದ್ರೆ ಪೇಪರನ್ನ ಫಂಕ್ಷನಲ್ ಕನೆಕ್ಟಿವಿಟಿ ಅಂತ ದಿಕ್ಕಿಲ್ಲದೆ ಬರೆಯೋದೂ ಒಂದು ಮರ್ಯಾದಸ್ಥ ದಾರಿ, ಆದ್ರೆ ಆಗ ಕೋರಿಲೇಷನ್ ಮಾಡಿ ಬರೀರಿ, ಗ್ರೇಂಜರ್‌ನ ಸರಾಸರಿ ಮಾಡಿದ ಮ್ಯಾಟ್ರಿಕ್ಸ್ ಇಟ್ಕೊಂಡು ಅಲ್ಲ, ಅದು ಏನನ್ನ ಅಳೆಯತ್ತೆ ಅಂತ ವಿವರಿಸೋದೇ ಕಷ್ಟ.

ಕೆಲವರು ಚಿತ್ರ ಸರಳ ಆಗ್ಲಿ ಅಂತ ಮ್ಯಾಟ್ರಿಕ್ಸ್‌ನಿಂದ ಟ್ರಾನ್ಸ್‌ಪೋಸ್ ಕಳೆದು ನಿವ್ವಳ ದಿಕ್ಕು ಮಾತ್ರ ತೋರಿಸ್ತಾರೆ. ಜೋಡಿಗೆ ಒಂದೇ ಬಾಣ, ನೀಟಾಗಿರತ್ತೆ. ಅದರ ಅಪಾಯ ಎರಡು. ಎರಡೂ ಕಡೆ ಜೋರಾಗಿ ಮಾತಾಡೋ ಜೋಡಿಗಳು ಕಳೆದಾಗ ಸೊನ್ನೆ ಹತ್ತಿರ ಬಂದು ಮಾಯ ಆಗ್ತವೆ, ಎಷ್ಟೋ ಸಲ ಅವೇ ಮುಖ್ಯವಾದವು. ಎರಡನೇದು, ಕಳೆದ ಮೇಲೆ ಒಂದು ಕಡೆ ಪ್ಲಸ್ 0.06 ಇದ್ರೆ ಇನ್ನೊಂದು ಕಡೆ ಮೈನಸ್ 0.06 ಇರತ್ತೆ, ವ್ಯೂವರ್‌ನಲ್ಲಿ ಆಬ್ಸಲ್ಯೂಟ್ ಬೆಲೆ ಲೆಕ್ಕಕ್ಕೆ ತಗೊಳೋ ಆಯ್ಕೆ ಆನ್ ಇದ್ರೆ ಎರಡನ್ನೂ ಬಿಡಿಸತ್ತೆ, ಎಲ್ಲಾ ಗೆರೆಗೂ ಎರಡೂ ಕಡೆ ತಲೆ! ಕಳೆದ ಮೇಲೆ ಮೈನಸ್ ಇರೋದನ್ನೆಲ್ಲಾ ಸೊನ್ನೆ ಮಾಡಿ ಆಮೇಲೆ ಫೈಲ್ ಬರೀರಿ.

ಪವರ್‌ಪಾಯಿಂಟ್ ವಿಷ್ಯ. ಬೇಡ. ಕೈಯಲ್ಲಿ ಬಾಣ ಹಾಕೋದು ನಿಷಿದ್ಧ ಅಂತ ಎಲ್ಲೂ ಇಲ್ಲ, ಆರು ರೀಜನ್‌ನ ಒಂದು ಸ್ಕೀಮ್ಯಾಟಿಕ್ ಚಿತ್ರಕ್ಕೆ ಎಲ್ಲರೂ ಹಾಕ್ತಾರೆ, ಅದು ಸ್ಕೀಮ್ಯಾಟಿಕ್ ಅಂತ ಕೆಳಗೆ ಬರೆದ್ರೆ ಸಾಕು. ಆದ್ರೆ ಸಾಫ್ಟ್‌ವೇರ್ ಬಿಡಿಸಿದ ಡೇಟಾ ಚಿತ್ರದ ಮೇಲೆ ಕೈಯಲ್ಲಿ ತಲೆ ಅಂಟಿಸಿದ್ರೆ ಅದು ಡೇಟಾದಿಂದ ಬಂತು ಅಂತ ಓದುಗರು ನಂಬ್ತಾರೆ, ಸಿಮೆಟ್ರಿಕ್ ಮ್ಯಾಟ್ರಿಕ್ಸ್ ಇಟ್ಕೊಂಡು ಹಾಗೆ ಮಾಡಿದ್ರೆ ಆ ಬಾಣ ಎಲ್ಲಿಂದ ಬಂತು ಅಂತ ನಾಳೆ ಯಾರಾದ್ರೂ ಕೇಳಿದಾಗ ನಿಮ್ಮ ಹತ್ರ ತೋರಿಸೋಕೆ ಏನೂ ಇರಲ್ಲ. ಜೊತೆಗೆ ರಿವ್ಯೂವರ್ ಥ್ರೆಶೋಲ್ಡ್ ಬದಲಾಯಿಸಿ ಅಂದ ದಿನ ಎಲ್ಲಾ ಬಾಣನೂ ಅಳಿಸಿ ಮತ್ತೆ ಕೂತು ಹಾಕ್ಬೇಕು.

ಇವತ್ತು ರಾತ್ರಿ ಸಿಮೆಟ್ರಿ ಟೆಸ್ಟ್ ಮಾಡಿ, ಆಮೇಲೆ ಮೂರು ನೋಡ್ ಫೈಲ್ ಓಡಿಸಿ. ಚಿತ್ರ ಸರಿ ಬಂದ್ಮೇಲೆ ಕ್ಯಾಪ್ಷನ್‌ನಲ್ಲಿ ಬಾಣ ಯಾವುದರಿಂದ ಯಾವುದಕ್ಕೆ, ಯಾವ ಥ್ರೆಶೋಲ್ಡ್, ಒಟ್ಟು ಎಷ್ಟು ಕನೆಕ್ಷನ್‌ನಲ್ಲಿ ಎಷ್ಟನ್ನ ತೋರಿಸಿದೀರಿ ಇಷ್ಟೂ ಬರೀರಿ, ಎಡ್ಜ್ ಫೈಲನ್ನೂ ಸೆಟ್ಟಿಂಗ್ಸ್ ಫೈಲನ್ನೂ ಸಪ್ಲಿಮೆಂಟರಿಗೆ ಸೇರಿಸಿ. ಟೆಸ್ಟ್‌ನಲ್ಲಿ ಬಂದ ನಂಬರ್ ನನಗೂ ತಿಳಿಸಿ, ಸೊನ್ನೆ ಬಂದ್ರೆ ಸ್ಕ್ರಿಪ್ಟ್‌ನ ಆ ಭಾಗನೂ ಜೊತೆಗೆ ಕಳಿಸಿ, ಯಾವ ಸಾಲು ಅಂತ ಒಟ್ಟಿಗೆ ನೋಡೋಣ.